ನೆಲದಡಿಯ ನಡೆಗೆ ಈರ್ಯಾಸಮಿತಿ

ಮುನಿಗಳು ನಡೆಯುವಾಗ ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡಿ ಹೆಜ್ಜೆಯಿಡಬೇಕೆಂಬುದು ಈರ್ಯಾಸಮಿತಿಯ ವಿಧಿ. ಹಗಲಿನ ಬೆಳಕಿನಲ್ಲಿ, ಜನ ಜಾನುವಾರುಗಳು ನಡೆದು ಸವೆದ ದಾರಿಯಲ್ಲಿ, ಅವಸರವಿಲ್ಲದೆ ನಡೆಯಬೇಕು. ಮುನಿಸಂಘದ ವಿಹಾರದಲ್ಲಿ ಹಿಂದೆ ನಡೆದವರೆಲ್ಲರೂ ಇದನ್ನು ಕಣ್ಣಾರೆ ಕಂಡಿದ್ದೇವೆ. ಆದರೆ ಇದು ಮಹಾವ್ರತಿಗಳಿಗೆ ಹೇಳಿದ್ದು, ಗೃಹಸ್ಥರಾದ ನಮಗಲ್ಲ ಎಂದು ಗೌರವದಿಂದಲೇ ಪಕ್ಕಕ್ಕಿರಿಸಿದ್ದೇವೆ. ಈಗ ಮನುಷ್ಯನು ನೆಲದ ಮೇಲೆ ಮಾತ್ರವಲ್ಲದೆ ನೆಲದೊಳಗೂ ನಡೆಯತೊಡಗಿದ್ದಾನೆ. ದೊಡ್ಡ ನಗರಗಳ ಮನೆ, ಅಂಗಡಿ, ಗುಡಿಗಳ ಕೆಳಗೆ ಸುರಂಗ ಕೊರೆದು ರೈಲು ಓಡಿಸುತ್ತಿದ್ದಾನೆ. ಅಲ್ಲಿ ಮುಂದಿನ ನಾಲ್ಕು ಮೊಳ ಕಣ್ಣಿಗೆ ಕಾಣುವುದೇ ಇಲ್ಲ. ಕಾಣದ ನೆಲದಲ್ಲಿ ಹೆಜ್ಜೆಯಿಟ್ಟು ಹಾನಿಯಾದರೆ ಅದನ್ನು ದುರ್ದೈವವೆನ್ನಬೇಕೇ, ಹಿಂಸೆಯೆನ್ನಬೇಕೇ? ಈ ಪ್ರಶ್ನೆಯನ್ನು ವಾಚಕರೊಡನೆ ವಿಚಾರ ಮಾಡಬೇಕೆಂಬುದು ಈ ಲೇಖನದ ಉದ್ದೇಶ.

ಇದು ಇಂಜಿನಿಯರುಗಳ ವಿಷಯ, ಧರ್ಮಪತ್ರಿಕೆಗೇಕೆ ಎಂದು ಕೆಲವರು ಕೇಳಬಹುದು. ನಮ್ಮ ಸಮಾಜದಲ್ಲಿ ಸಿಮೆಂಟು, ಕಬ್ಬಿಣದ ವ್ಯಾಪಾರಿಗಳಿದ್ದಾರೆ, ಗುತ್ತಿಗೆದಾರರಿದ್ದಾರೆ, ಕಟ್ಟಡ ಕಟ್ಟಿಸುವ ಟ್ರಸ್ಟುಗಳಿವೆ, ಆ ರೈಲಿನಲ್ಲಿ ದಿನವೂ ಓಡಾಡುವವರಂತೂ ಅಸಂಖ್ಯರು. ಮಾಡಿದವನು, ಮಾಡಿಸಿದವನು, ಅನುಮೋದಿಸಿದವನು ಮೂವರೂ ಕರ್ಮಕ್ಕೆ ಬಾಧ್ಯರೆಂದು ಹೇಳುವ ಧರ್ಮದಲ್ಲಿ ಹುಟ್ಟಿದ ನಾವು ಇದು ನಮಗೆ ಸಂಬಂಧಿಸಿದ್ದಲ್ಲವೆನ್ನಲು ಬರುವುದಿಲ್ಲ.

ಮೊದಲು ಸುರಂಗದ ಕೆಲಸ ಹೇಗೆ ನಡೆಯುತ್ತದೆಂಬುದನ್ನು ಸ್ಥೂಲವಾಗಿ ತಿಳಿಯೋಣ. ಕೊರೆಯುವ ಯಂತ್ರವು ದೊಡ್ಡ ಕೊಳವೆಯಂತಿದ್ದು ಅದರ ಮುಂದೆ ಹಲ್ಲುಗಳುಳ್ಳ ಚಕ್ರ ತಿರುಗುತ್ತದೆ. ಕೊರೆದ ಮಣ್ಣು ಹಿಂದಕ್ಕೆ ಸಾಗುತ್ತದೆ. ಕೊರೆದಷ್ಟು ದೂರಕ್ಕೆ ಕಾಂಕ್ರೀಟಿನ ಬಳೆಗಳನ್ನು ಜೋಡಿಸಿ, ಬಳೆಗೂ ಮಣ್ಣಿಗೂ ನಡುವಣ ಸಂದನ್ನು ಗಾರೆಯಿಂದ ತುಂಬುತ್ತಾರೆ. ಮೆದುನೆಲದಲ್ಲಿ ಯಂತ್ರದ ಮುಖದೆದುರಿನ ಮಣ್ಣು ಮತ್ತು ನೀರು ಒಳಕ್ಕೆ ಎಷ್ಟು ಬಲದಿಂದ ಒತ್ತುತ್ತವೆಯೋ ಅಷ್ಟೇ ಬಲದಿಂದ ಒಳಗಿನಿಂದಲೂ ಒತ್ತಿ ಹಿಡಿಯಬೇಕು. ಒತ್ತಡ ಕಡಿಮೆಯಾದರೆ ಮಣ್ಣು ನೀರು ಒಳನುಗ್ಗಿ ಮೇಲಿನ ನೆಲ ಕುಸಿಯುತ್ತದೆ. ಹೆಚ್ಚಾದರೆ ನೆಲ ಉಬ್ಬುತ್ತದೆ. ನಮ್ಮ ತಕ್ಕಡಿಯ ಮುಳ್ಳಿನಂತೆ ಅದು ಸದಾ ಸಮವಾಗಿರಬೇಕು. ಎದುರಿಗೆ ಜೇಡಿಯಿದೆಯೋ, ಮರಳಿದೆಯೋ, ಬಂಡೆಯಿದೆಯೋ, ನೀರಿನ ಪದರವಿದೆಯೋ ತಿಳಿಯದಿದ್ದರೆ ಮುಳ್ಳನ್ನು ಎಲ್ಲಿ ನಿಲ್ಲಿಸಬೇಕೆಂಬುದೂ ತಿಳಿಯುವುದಿಲ್ಲ.

ಕಲ್ಕತ್ತೆಯ ಉದಾಹರಣೆಯನ್ನು ನೋಡೋಣ. ಭಾರತದ ಮೊದಲ ಮೆಟ್ರೊ 1984ರಲ್ಲಿ ಆ ನಗರದಲ್ಲಿಯೇ ಓಡಿತು. ಮುಂದೆ ಹೌರಾದಿಂದ ಪೂರ್ವಕ್ಕೆ ಇನ್ನೊಂದು ಮಾರ್ಗವನ್ನು ಕೈಗೊಂಡರು. ಅದು ಹೂಗ್ಲಿ ನದಿಯ ಅಡಿಯಲ್ಲಿ ಹಾದುಹೋಗಬೇಕಾಗಿತ್ತು. ಸುಮಾರು 520 ಮೀಟರುಗಳ ಆ ನದೀತಳದ ಭಾಗವನ್ನು ಕುರಿತು ಎಲ್ಲರಿಗೂ ಆತಂಕವಿತ್ತು. 2017ರಲ್ಲಿ ಆ ಭಾಗವನ್ನು ಯಾವ ಅವಘಡವೂ ಇಲ್ಲದೆ ಕೊರೆದು ಮುಗಿಸಿದರು. ಅಪಾಯ ಬಂದದ್ದು ನದಿಯಲ್ಲಲ್ಲ, ಊರೊಳಗೆ. 2019ರ ಆಗಸ್ಟ್ 31ರಂದು ಬೌಬಜಾರಿನ ಕೆಳಗೆ ಕೊರೆಯುತ್ತಿದ್ದ ‘ಚಂಡಿ’ ಎಂಬ ಹೆಸರಿನ ಯಂತ್ರವು ಅಂತರ್ಜಲದ ಪದರವೊಂದನ್ನು ತಾಕಿತು. ನೀರಿನೊಡನೆ ಹೂಳು ಮರಳು ಸುರಂಗದೊಳಕ್ಕೆ ಹರಿದುಬಂದಿತು. ಮೇಲೆ ದುರ್ಗಾ ಪಿತುರಿ ಲೇನ್, ಶ್ಯಾಕ್ರಾಪಾರಾ ಲೇನ್‌ಗಳ ಹಳೆಯ ಮನೆಗಳು ಬಿರುಕುಬಿಟ್ಟವು; ಕೆಲವು ಕುಸಿದುಬಿದ್ದವು. ನೂರಾರು ಜನ ಉಟ್ಟ ಬಟ್ಟೆಯಲ್ಲಿ ಮನೆಬಿಟ್ಟು ಹೊಟೇಲುಗಳನ್ನು ಸೇರಬೇಕಾಯಿತು. ಶ್ಯಾಕ್ರಾಪಾರಾ ಎಂದರೆ ಅಕ್ಕಸಾಲಿಗರ ಕೇರಿ. ಚಿನ್ನದ ಕೆಲಸಕ್ಕೆ ತಲೆಮಾರುಗಳಿಂದ ಹೆಸರಾದ ಆ ಪ್ರದೇಶದ ಕಮ್ಮಟಗಳು ಬಾಗಿಲು ಹಾಕಿದವು.

ಅಷ್ಟಕ್ಕೇ ಮುಗಿಯಲಿಲ್ಲ. 2022ರ ಮೇ ತಿಂಗಳಲ್ಲಿ ಅದೇ ಕೇರಿಯ ಮನೆಗಳು ಮತ್ತೆ ಬಿರುಕುಬಿಟ್ಟವು. ಅದೇ ವರ್ಷದ ಅಕ್ಟೋಬರಿನಲ್ಲಿ ಸಮೀಪದ ಮದನ್ ದತ್ತ ಲೇನ್‌ನಲ್ಲಿಯೂ ಹಾಗೆಯೇ ಆಯಿತು. ಎಲ್ಲ ಕಡೆಯೂ ಕಾರಣ ಒಂದೇ: ನೀರು. ಮಾರ್ಗವೇನೋ 2025ರ ಆಗಸ್ಟ್‌ನಲ್ಲಿ ಪೂರ್ಣವಾಗಿ ತೆರೆಯಿತು. ಹೌರಾದಿಂದ ಸಿಯಾಲ್ಡಾಕ್ಕೆ ಈಗ ಕೆಲವೇ ನಿಮಿಷಗಳ ಪ್ರಯಾಣ. ಆ ಕೆಲವು ನಿಮಿಷಗಳ ಬೆಲೆಯನ್ನು ಒಂದು ಕೇರಿಯವರು ವರ್ಷಗಟ್ಟಲೆ ತೆತ್ತರು.

ನದಿಯ ಕೆಳಗೆ ಕ್ಷೇಮ, ಮನೆಗಳ ಕೆಳಗೆ ಕುಸಿತ. ಇದರಲ್ಲಿ ನಮಗೊಂದು ಪಾಠವಿದೆಯೆಂದು ನನಗೆ ತೋರುತ್ತದೆ. ನದಿಯ ಅಪಾಯ ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಎಲ್ಲರೂ ಎಚ್ಚರವಾಗಿರುತ್ತಾರೆ. ಕೇರಿಯ ಕೆಳಗೆ ಅಡಗಿದ್ದ ನೀರು ಯಾರಿಗೂ ಕಾಣದು. ಕಂಡ ಅಪಾಯಕ್ಕೆ ಅಂಜುವುದು ಸಹಜಗುಣ. ಕಾಣದ ಅಪಾಯವನ್ನೂ ಇದೆಯೆಂದೇ ಎಣಿಸಿ ನಡೆಯುವುದು ವ್ರತ.

ನೆಲದೊಳಗಿರುವುದನ್ನು ತಿಳಿಯಲು ಇಂಜಿನಿಯರುಗಳು ಮಾರ್ಗದುದ್ದಕ್ಕೂ ಪರೀಕ್ಷಾ ರಂಧ್ರಗಳನ್ನು ಕೊರೆದು ಮಣ್ಣು ಕಲ್ಲುಗಳ ಮಾದರಿ ತೆಗೆಯುತ್ತಾರೆ. ರಂಧ್ರದ ಅಗಲ ಅಂಗೈಯಷ್ಟು. ಒಂದು ರಂಧ್ರಕ್ಕೂ ಇನ್ನೊಂದಕ್ಕೂ ನಡುವೆ ಇರುವುದು ಊಹೆ. ಎರಡು ಕಡೆ ಜೇಡಿ ಸಿಕ್ಕಿತೆಂದು ನಡುವೆಯೂ ಜೇಡಿಯೇ ಇದೆಯೆಂದು ನಿಶ್ಚಯಿಸುವುದು ನಮ್ಮ ಪರಿಭಾಷೆಯಲ್ಲಿ ಏಕಾಂತ. ಪ್ರತಿಯೊಂದು ರಂಧ್ರವೂ ಒಂದು ನಯ. ಅದು ಹೇಳುವುದು ಸತ್ಯ, ಆದರೆ ಸ್ಯಾತ್ ಸತ್ಯ, ಅಷ್ಟರ ಮಟ್ಟಿಗೆ ಸತ್ಯ. ಅನೇಕಾಂತವನ್ನು ನಾವು ವಾದಸಭೆಯ ತರ್ಕವೆಂದು ತಿಳಿದಿದ್ದೇವೆ. ನೆಲದಡಿಯಲ್ಲಿ ಅದು ಜೀವರಕ್ಷಣೆಯ ಉಪಾಯ. ತನ್ನ ತಿಳಿವಳಿಕೆ ಅಪೂರ್ಣವೆಂದು ಬಲ್ಲವನು ಇನ್ನಷ್ಟು ರಂಧ್ರ ಕೊರೆಸುತ್ತಾನೆ, ಯಂತ್ರದ ಮುಂದೆ ಸಣ್ಣ ತೂತು ತೆಗೆದು ನೀರಿದೆಯೇ ಎಂದು ನೋಡುತ್ತಾನೆ, ಮೇಲಿನ ಮನೆಗಳ ಗೋಡೆಗೆ ಅಳತೆಯ ಗುರುತು ಹಾಕಿ ದಿನವೂ ಪರೀಕ್ಷಿಸುತ್ತಾನೆ. ನಾಲ್ಕು ಮೊಳ ಮುಂದೆ ನೋಡುವ ವಿಧಿ ಅಲ್ಲಿ ಪಡೆಯುವ ರೂಪ ಇದೇ.

ಈಗ ಮೂಲಪ್ರಶ್ನೆಗೆ ಬರೋಣ. ಯಾರನ್ನೂ ನೋಯಿಸುವ ಉದ್ದೇಶವಿಲ್ಲದೆ ನಡೆದ ಕುಸಿತ ಹಿಂಸೆಯೇ? ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹರಣವನ್ನಷ್ಟೇ ಹೇಳದೆ ಅದಕ್ಕೆ ಪ್ರಮತ್ತಯೋಗವನ್ನು ಕಾರಣವಾಗಿ ಸೇರಿಸಿದ್ದಾರೆ. ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನೇ ವಿಸ್ತರಿಸಿದ್ದಾರೆ. ಎಚ್ಚರದಿಂದ ನಡೆದವನಿಂದ ಅರಿಯದೆ ಜೀವಹಾನಿಯಾದರೆ ಅವನಿಗೆ ಹಿಂಸೆಯ ದೋಷ ತಾಕದು. ಎಚ್ಚರಗೆಟ್ಟವನಿಗೆ ಯಾವ ಜೀವಕ್ಕೆ ಹಾನಿಯಾಗದಿದ್ದರೂ ದೋಷ ತಪ್ಪದು. ಲೋಕದ ನ್ಯಾಯಾಲಯ ಕುಸಿತದ ದಿನದಿಂದ ಅಪರಾಧವನ್ನು ಎಣಿಸುತ್ತದೆ. ನಮ್ಮ ಸಿದ್ಧಾಂತ ಅಲಕ್ಷ್ಯದ ಕ್ಷಣದಿಂದ ಎಣಿಸುತ್ತದೆ. ಆದ್ದರಿಂದ ಗೊತ್ತಿರಲಿಲ್ಲವೆಂಬ ಮಾತನ್ನು ನಾವು ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ. ತಿಳಿಯಲು ಶಕ್ಯವಿರಲಿಲ್ಲವೇ, ತಿಳಿಯಲು ಯತ್ನಿಸಲಿಲ್ಲವೇ ಎಂದು ಕೇಳಬೇಕು. ಮೊದಲನೆಯದು ಅಜ್ಞಾನ, ಎರಡನೆಯದು ಪ್ರಮಾದ.

ಪ್ರಮಾದಕ್ಕೂ ತರತಮಗಳಿವೆ. ನೋಡದಿರುವುದು ಒಂದು, ನೋಡಿಯೂ ಲೆಕ್ಕಿಸದಿರುವುದು ಅದಕ್ಕಿಂತ ಹಿರಿದು, ನೋಡಿದ್ದನ್ನು ಮುಚ್ಚಿಡುವುದು ಎಲ್ಲಕ್ಕಿಂತ ಹಿರಿದು. ಎರಡನೆಯದಕ್ಕೆ ಸಿಂಗಾಪುರದ ಘಟನೆಯೂ ಮೂರನೆಯದಕ್ಕೆ ಜರ್ಮನಿಯ ಕಲೋನ್ ನಗರದ ಘಟನೆಯೂ ಉದಾಹರಣೆಯಾಗಿವೆ.

ಸಿಂಗಾಪುರದಲ್ಲಿ 2004ರ ಏಪ್ರಿಲ್ 20ರಂದು ನಿಕೊಲ್ ಹೆದ್ದಾರಿಯ ಬಳಿ ನೆಲದಡಿಯ ರೈಲುಮಾರ್ಗಕ್ಕಾಗಿ ತೋಡಿದ್ದ ಸುಮಾರು 30 ಮೀಟರು ಆಳದ ಗುಂಡಿ ಕುಸಿದು ನಾಲ್ವರು ಸತ್ತರು. ಅಲ್ಲಿಯದು ಸಮುದ್ರದ ಮೆದು ಜೇಡಿ. ಗುಂಡಿಯ ಎರಡು ಬದಿಯ ಗೋಡೆಗಳನ್ನು ಉಕ್ಕಿನ ಅಡ್ಡತೊಲೆಗಳು ತಡೆದು ನಿಲ್ಲಿಸಿದ್ದವು. ಗೋಡೆಗಳು ಬಾಗುತ್ತಿರುವುದನ್ನು ಉಪಕರಣಗಳು ಮುಂಚೆಯೇ ತೋರಿಸಿದ್ದವು. ಬಾಗು ನಿಗದಿಯಾದ ಮಿತಿಯನ್ನು ದಾಟಿದಾಗ ಕೆಲಸ ನಿಲ್ಲಿಸಿ ಕಾರಣ ಹುಡುಕುವ ಬದಲು, ಹೊಸದಾಗಿ ಲೆಕ್ಕಮಾಡಿ ಮಿತಿಯನ್ನೇ ಹಿಗ್ಗಿಸಿದರು. ವಿನ್ಯಾಸದ ದೋಷಗಳ ಜೊತೆಗೆ, ಬಂದ ಎಚ್ಚರಿಕೆಗಳನ್ನು ಅಲಕ್ಷಿಸಿದ್ದನ್ನೂ ವಿಚಾರಣಾ ಸಮಿತಿ ಎತ್ತಿಹೇಳಿತು. ತನ್ನ ಕೈಕೆಳಗಿನ ಕೆಲಸಗಾರರನ್ನು ಮೇಲಕ್ಕೆ ಕಳುಹಿಸಿದ ಮೇಸ್ತ್ರಿಯೊಬ್ಬನು ತಾನು ಕೆಳಗೇ ಉಳಿದುಹೋದನು. ಅವನ ದೇಹವೂ ಸಿಗಲಿಲ್ಲ.

ಮಣ್ಣಿನ ವರ್ತನೆಯನ್ನು ಅಳೆಯುತ್ತ, ಅದಕ್ಕೆ ತಕ್ಕಂತೆ ಕೆಲಸವನ್ನು ತಿದ್ದುತ್ತ ಹೋಗುವ ಕ್ರಮವನ್ನು ರಾಲ್ಫ್ ಪೆಕ್ ಎಂಬ ವಿದ್ವಾಂಸರು 1969ರಲ್ಲಿ ಶಾಸ್ತ್ರೀಯವಾಗಿ ವಿವರಿಸಿದ್ದರು. ಅಳತೆ ಕೆಟ್ಟರೆ ಏನು ಮಾಡಬೇಕೆಂಬುದನ್ನು ಮುಂಚಿತವಾಗಿಯೇ ನಿರ್ಧರಿಸಿರಬೇಕೆಂಬುದು ಅದರ ಮುಖ್ಯ ನಿಯಮ. ಇದರ ಅರ್ಥ ವ್ಯಾಪಾರಿಗಳಾದ ನಮಗೆ ಚೆನ್ನಾಗಿ ತಿಳಿಯುತ್ತದೆ. ತಕ್ಕಡಿ ಕಡಿಮೆ ತೋರಿಸಿದಾಗ ಸರಕನ್ನು ಸೇರಿಸುವುದು ಒಂದು ದಾರಿ, ಬಟ್ಟನ್ನು ಬದಲಿಸುವುದು ಇನ್ನೊಂದು ದಾರಿ. ಹೀನಾಧಿಕ ಮಾನೋನ್ಮಾನವನ್ನು ಅಚೌರ್ಯಾಣುವ್ರತದ ಅತಿಚಾರವೆಂದು ಆಚಾರ್ಯರು ಹೇಳಿದ್ದಾರೆ. ಗೋಡೆ ಬಾಗಿದಾಗ ಮಿತಿಯನ್ನು ಬದಲಿಸುವುದೂ ಸುಳ್ಳು ಬಟ್ಟೇ. ವ್ಯತ್ಯಾಸವೆಂದರೆ ಅಂಗಡಿಯಲ್ಲಿ ಗಿರಾಕಿಯ ಹಣ ಹೋಗುತ್ತದೆ, ಅಲ್ಲಿ ಪ್ರಾಣ ಹೋಗುತ್ತದೆ.

ಕಲೋನ್ ನಗರದ ಘಟನೆ ನಡೆದದ್ದು 2009ರ ಮಾರ್ಚ್ 3ರಂದು. ಹೊಸ ರೈಲುಮಾರ್ಗಕ್ಕಾಗಿ ತೋಡಿದ್ದ ಆಳವಾದ ಗುಂಡಿಯ ಪಕ್ಕದಲ್ಲಿಯೇ ನಗರದ ಇತಿಹಾಸ ದಾಖಲೆಗಳ ಭಂಡಾರವಿತ್ತು. ಗುಂಡಿಯ ತಳದಲ್ಲಿ ನೀರು ನುಗ್ಗುವುದನ್ನು ಕಂಡ ಕೆಲಸಗಾರರು ಮೇಲೆ ಓಡಿಬಂದು ಕೂಗಿ ಎಚ್ಚರಿಸಿದ್ದರಿಂದ ಭಂಡಾರದೊಳಗಿದ್ದವರು ಹೊರಬಂದು ಉಳಿದರು. ಆದರೆ ಭಂಡಾರದೊಡನೆ ಪಕ್ಕದ ಮನೆಗಳೂ ಕುಸಿದು, ಅಲ್ಲಿದ್ದ ಇಬ್ಬರು ತರುಣರು ಸತ್ತರು. ಸಾವಿರ ವರ್ಷಗಳ ಕಾಗದಪತ್ರಗಳು ಕೆಸರಿನಲ್ಲಿ ಹೂತುಹೋದವು. ಗುಂಡಿಯ ಸುತ್ತಲಿನ ಕಾಂಕ್ರೀಟ್ ಗೋಡೆಗಾಗಿ 2005ರಲ್ಲಿ ಕಂದಕ ತೋಡುವಾಗ ಗಟ್ಟಿಕಲ್ಲೊಂದು ಅಡ್ಡ ಬಂದಿತ್ತು. ಅದನ್ನು ಪೂರ್ತಿ ತೆಗೆಯದೆಯೇ ಗೋಡೆ ಕಟ್ಟಿದ್ದರಿಂದ ಅಲ್ಲೊಂದು ದೋಷ ಉಳಿಯಿತು, ಅಲ್ಲಿಂದಲೇ ನೀರು ಮಣ್ಣನ್ನು ಕೊಚ್ಚಿ ತಂದಿತು ಎಂಬುದು ನ್ಯಾಯಾಲಯದ ಮುಂದೆ ಬಂದ ವಿವರಣೆ. ತನಿಖೆಯ ಕಾಲದಲ್ಲಿ ಅದೇ ಮಾರ್ಗದ ಕಾಮಗಾರಿಯಲ್ಲಿ ಗೋಡೆಗೆ ಹಾಕಬೇಕಾದ ಕಬ್ಬಿಣ ಕಳವಾದುದೂ ಅಳತೆಯ ದಾಖಲೆಗಳನ್ನು ತಿದ್ದಿದ್ದೂ ಬೆಳಕಿಗೆ ಬಂದವು. ಕುಸಿತಕ್ಕೆ ಅದೇ ಕಾರಣವೆಂದು ತೀರ್ಮಾನವಾಗಲಿಲ್ಲ. ಆದರೂ ಕಬ್ಬಿಣ ಕದ್ದವನಿಗೆ ಅಚೌರ್ಯವೂ ದಾಖಲೆ ತಿದ್ದಿದವನಿಗೆ ಸತ್ಯವೂ ಅಹಿಂಸೆಗೆ ಸಂಬಂಧಿಸದ ಬೇರೆ ವ್ರತಗಳಾಗಿ ಕಂಡಿರಬೇಕು. ಸತ್ಯ, ಅಚೌರ್ಯಾದಿ ನಾಲ್ಕು ವ್ರತಗಳು ಅಹಿಂಸೆಯೆಂಬ ಬೆಳೆಗೆ ಬೇಲಿಗಳೆಂದು ನಮ್ಮ ಹಿರಿಯರು ಏಕೆ ಹೇಳಿದರೆಂಬುದು ಇಲ್ಲಿ ತಿಳಿಯುತ್ತದೆ.

ಆ ದಾಖಲೆಗಳಲ್ಲಿ ಬಹುಪಾಲನ್ನು ಹರಿದ, ನೆನೆದ ಸ್ಥಿತಿಯಲ್ಲಿ ಮೇಲೆತ್ತಿದ್ದಾರೆ. ಅವನ್ನು ಸರಿಪಡಿಸುವುದು ದಶಕಗಳ ಕೆಲಸ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ಸಮಾಜ ನಮ್ಮದು. ಒಂದು ಊರಿನ ಶ್ರುತವು ನೆಲದಲ್ಲಿ ಹೂತುಹೋದ ದುಃಖವನ್ನು ನಮಗೆ ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ರಾಜ್ಯದ ಕಡೆಗೂ ನೋಡೋಣ. ಬೆಂಗಳೂರಿನಲ್ಲಿ ನೆಲದಡಿಯ ಮೆಟ್ರೊ 2016ರಲ್ಲಿ ಆರಂಭವಾಯಿತು. ಡೇರಿ ವೃತ್ತದಿಂದ ನಾಗವಾರದವರೆಗಿನ ಉದ್ದನೆಯ ಸುರಂಗಗಳನ್ನು ಒಂಬತ್ತು ಯಂತ್ರಗಳಿಂದ ಕೊರೆದು 2024ರ ಅಕ್ಟೋಬರಿನಲ್ಲಿ ಮುಗಿಸಿದರು. ಬೆಂಗಳೂರಿನ ನೆಲ ಕಲ್ಕತ್ತೆಯ ಮೆಕ್ಕಲು ನೆಲವಲ್ಲ. ಕೆಳಗೆ ಕಗ್ಗಲ್ಲು, ಮೇಲೆ ಶಿಥಿಲವಾದ ಮಣ್ಣು, ನಡುನಡುವೆ ಗುಂಡುಬಂಡೆ. ಯಂತ್ರದ ಚಕ್ರದ ಕೆಳಭಾಗ ಬಂಡೆಯನ್ನು ಅರೆಯುತ್ತಿರುವಾಗಲೇ ಮೇಲ್ಭಾಗ ಮೆದುಮಣ್ಣಿನಲ್ಲಿರುತ್ತದೆ. ಬಂಡೆ ನಿಧಾನ, ಮಣ್ಣು ಶೀಘ್ರ. ಬೇಕಾದುದಕ್ಕಿಂತ ಹೆಚ್ಚು ಮಣ್ಣು ಒಳಬಂದು ಮೇಲೆ ಪೊಳ್ಳು ಉಳಿಯಬಹುದು. ಅದು ಆ ಕ್ಷಣ ಕಾಣದೆ ದಿನಗಳಾದ ಮೇಲೆ ರಸ್ತೆಯಲ್ಲಿ ಕುಳಿಯಾಗಿ ತೋರಬಹುದು. 2023ರ ಜನವರಿಯಲ್ಲಿ ಸುರಂಗದ ಕೆಲಸ ನಡೆಯುತ್ತಿದ್ದ ಬ್ರಿಗೇಡ್ ರಸ್ತೆಯಲ್ಲಿ ಕುಳಿ ಬಿದ್ದದ್ದು ವಾಚಕರಿಗೆ ನೆನಪಿರಬಹುದು. ಇದರ ಜೊತೆಗೆ ಹಳೆಯ ಊರಿನಲ್ಲಿ ಹೂಳಿ ಮುಚ್ಚಿದ ಬಾವಿಗಳು, ಕೈಬಿಟ್ಟ ಕೊಳವೆಬಾವಿಗಳು ಇರುತ್ತವೆ. ಅವು ಎಲ್ಲಿವೆಯೆಂದು ಯಾವ ನಕ್ಷೆಯೂ ಪೂರ್ತಿಯಾಗಿ ಹೇಳದು; ಅಲ್ಲಿ ಬದುಕಿದವರು ಹೇಳಬಲ್ಲರು.

ಈ ಕೊನೆಯ ಮಾತು ನನ್ನ ಅನುಭವದ್ದೂ ಹೌದು. ಹಲವು ವರ್ಷಗಳ ಹಿಂದೆ ನಮ್ಮ ಅಂಗಡಿಯ ಹಿಂಬದಿಯಲ್ಲಿ ಉಗ್ರಾಣಕ್ಕೆಂದು ನೆಲಮಾಳಿಗೆ ತೋಡಿಸಿದೆನು. ಪಕ್ಕದಲ್ಲಿ ವಯಸ್ಸಾದ ತಾಯಿಯೊಬ್ಬರ ಹಳೆಯ ಮಣ್ಣುಗೋಡೆಯ ಮನೆ. “ಯಜಮಾನರೇ, ಇಲ್ಲೆಲ್ಲೋ ಹಳೇ ಬಾವಿ ಇತ್ತಂತೆ, ಒಂದು ಮಾತು ವಿಚಾರಿಸೋಣವೇ?” ಎಂದು ಮೇಸ್ತ್ರಿ ಕೇಳಿದನು. ಮಳೆಗಾಲ ಹತ್ತಿರವಾಗಿತ್ತು, ಕೆಲಸ ನಡೆಯಲಿ ಎಂದೆನು. ಮೂರನೆಯ ದಿನ ಒಂದು ಮೂಲೆಯ ಮಣ್ಣು ಜಾರಿ ಆ ಮನೆಯ ಗೋಡೆ ಮೇಲಿನಿಂದ ಕೆಳಗಿನವರೆಗೆ ಬಿರಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಗೋಡೆಯನ್ನು ಹೊಸದಾಗಿ ಕಟ್ಟಿಸಿಕೊಟ್ಟು, ಆ ಹಣವನ್ನು ರಿಪೇರಿ ಖರ್ಚೆಂದು ಲೆಕ್ಕಕ್ಕೆ ಬರೆದು, ವಿಷಯ ಮುಗಿಯಿತೆಂದುಕೊಂಡೆನು. ಆ ತಾಯಿ ಜಗಳವಾಡಲಿಲ್ಲ. “ಬಾವಿ ಎಲ್ಲಿತ್ತು ಅಂತ ನನ್ನ ಕೇಳಿದ್ದರೆ ಹೇಳ್ತಿರಲಿಲ್ಲವೇನಪ್ಪಾ?” ಎಂದಷ್ಟೇ ಕೇಳಿದರು. ಗೋಡೆಯ ಖರ್ಚಿಗೆ ಲೆಕ್ಕದಲ್ಲಿ ತಲೆಬರಹ ಸಿಕ್ಕಿತು. ಆ ಪ್ರಶ್ನೆಗೆ ಇಂದಿಗೂ ಸಿಕ್ಕಿಲ್ಲ. ಪ್ರತಿಕ್ರಮಣಕ್ಕೆ ಕುಳಿತಾಗ ಅದು ನೆನಪಾಗುತ್ತದೆ. ಯಾರೂ ಸಾಯಲಿಲ್ಲವೆಂಬ ಸಮಾಧಾನ ನಮ್ಮ ಸಿದ್ಧಾಂತದ ಮುಂದೆ ನಿಲ್ಲುವುದಿಲ್ಲ. ಮೇಸ್ತ್ರಿ ಕೇಳಿದ ಆ ಕ್ಷಣದಲ್ಲಿಯೇ ನನ್ನ ಹಿಂಸೆ ನಡೆದುಹೋಗಿತ್ತು.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಪೂರ್ಣಜ್ಞಾನ ಕೇವಲಿಗಳಿಗೆ ಮಾತ್ರ. ಅದು ಬರುವವರೆಗೆ ಕಾದರೆ ಬಾವಿಯನ್ನೂ ತೋಡಲಾಗದೆಂಬುದು ಒಂದು. ನಿಜ. ಅದಕ್ಕಾಗಿಯೇ ಆಚಾರ್ಯರು ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ನಿಷೇಧಿಸಿ, ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಲ್ಲಿ ಯತ್ನಾಚಾರವನ್ನು ವಿಧಿಸಿದರು. ಸುರಂಗ ಕೊರೆಯುವುದು ಉದ್ಯೋಗೀ ಹಿಂಸೆ. ಪೃಥ್ವೀಕಾಯಿಕ, ಜಲಕಾಯಿಕ ಜೀವಗಳಿಗೆ ಅದರಿಂದ ಆಗುವ ಬಾಧೆ ಅಪಾರ. ಪ್ರಯೋಜನವಿಲ್ಲದೆ ನೆಲ ಅಗೆಯುವುದನ್ನು ಸಮಂತಭದ್ರರು ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಪ್ರಯೋಜನವಿದ್ದಾಗ ಅಗೆಯಬಹುದು, ಆದರೆ ಪ್ರಯೋಜನವು ಅಗೆಯಲು ಅನುಮತಿ ಕೊಡುತ್ತದೆಯೇ ಹೊರತು ಅವಸರಕ್ಕೆ ಅನುಮತಿ ಕೊಡುವುದಿಲ್ಲ.

ಲಕ್ಷಾಂತರ ಜನರಿಗೆ ಅನುಕೂಲವಾಗುವಾಗ ಕೆಲವರ ತೊಂದರೆಯನ್ನು ಲೆಕ್ಕಿಸಲಾಗದೆಂಬುದು ಇನ್ನೊಂದು ಆಕ್ಷೇಪ. ನೆಲದಡಿಯ ರೈಲಿನಿಂದ ರಸ್ತೆಯ ದಟ್ಟಣೆ ಕಡಿಮೆಯಾಗುತ್ತದೆ, ವಾಹನದ ಹೊಗೆ ಕಡಿಮೆಯಾಗುತ್ತದೆ, ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಲಾಭ ಒಬ್ಬರ ಖಾತೆಗೆ, ನಷ್ಟ ಇನ್ನೊಬ್ಬರ ಖಾತೆಗೆ ಹೋದಾಗ ಎರಡನ್ನೂ ಕೂಡಿಸಿ ಕಳೆದು ನಿವ್ವಳ ಲಾಭ ತೋರಿಸುವುದು ಯಾವ ಲೆಕ್ಕಶಾಸ್ತ್ರದಲ್ಲಿಯೂ ಇಲ್ಲ. ಬೌಬಜಾರಿನ ಅಕ್ಕಸಾಲಿಗನ ನಷ್ಟವನ್ನು ಹೌರಾದ ಪ್ರಯಾಣಿಕನ ಲಾಭ ತುಂಬಿಕೊಡುವುದಿಲ್ಲ. ಪ್ರತಿಯೊಂದು ಜೀವದ ನೋವೂ ಆ ಜೀವದ್ದೇ. ಲಾಭ ಪಡೆದವರೇ ಎಚ್ಚರಿಕೆಯ ವೆಚ್ಚವನ್ನೂ ವಿಳಂಬವನ್ನೂ ಹೊರಬೇಕು. ಹೆಚ್ಚು ಪರೀಕ್ಷೆಗಾಗಿ ಮಾರ್ಗ ಒಂದು ವರ್ಷ ತಡವಾದರೆ ಗೊಣಗದಿರುವುದು ಪ್ರಯಾಣಿಕರಾದ ನಮ್ಮ ಪಾಲಿನ ಅಹಿಂಸೆ.

ನಮ್ಮ ಟ್ರಸ್ಟುಗಳಿಗೂ ಇದರಲ್ಲಿ ಕೆಲಸವಿದೆ. ಸಮುದಾಯ ಭವನ, ವಿದ್ಯಾರ್ಥಿನಿಲಯ, ವಾಹನ ನಿಲುಗಡೆಯ ನೆಲಮಾಳಿಗೆ ಎಂದು ಬಸದಿಯ ಪಕ್ಕದಲ್ಲಿಯೇ ಅಗೆಯುವುದು ಈಚೆಗೆ ಹೆಚ್ಚಾಗಿದೆ. ಮೊದಲು ಮಣ್ಣಿನ ಪರೀಕ್ಷೆ ಮಾಡಿಸಬೇಕು. ಪಕ್ಕದವರನ್ನು, ಊರಿನ ಹಿರಿಯರನ್ನು ಕೇಳಿ ಹಳೆಯ ಬಾವಿ, ಕೊಳವೆಬಾವಿ, ನೀರಿನ ಜಾಡುಗಳನ್ನು ಗುರುತಿಸಬೇಕು. ಅಗೆಯುವ ಮೊದಲೇ ಸುತ್ತಲಿನ ಗೋಡೆಗಳ ಸ್ಥಿತಿಯನ್ನು ಅವರ ಸಮಕ್ಷಮದಲ್ಲಿ ಬರೆದಿಡಬೇಕು. ಬಿರುಕು ಕಂಡರೆ ಕೆಲಸ ನಿಲ್ಲಿಸುವ ಅಧಿಕಾರ ಯಾರಿಗೆಂದು ಮೊದಲೇ ಗೊತ್ತುಮಾಡಿ ಕಲಾಪ ಪುಸ್ತಕದಲ್ಲಿ ನಮೂದಿಸಬೇಕು. ಮುಹೂರ್ತ ಹತ್ತಿರ ಬಂದಿತೆಂದು ಆ ಅಧಿಕಾರವನ್ನು ಹಿಂತೆಗೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪಾಗಿದೆಯೆಂದು ಬಂದು ಹೇಳುವ ಕೂಲಿಯವನನ್ನು ಗದರಿಸಬಾರದು. ಗುರುಗಳ ಸನ್ನಿಧಿಯಲ್ಲಿ ನಾವು ಮಾಡುವ ಆಲೋಚನೆಯೂ ಅದೇ ಅಲ್ಲವೇ? ದೋಷವನ್ನು ಇದ್ದಂತೆ, ಮುಚ್ಚಿಡದೆ ಹೇಳಿಕೊಳ್ಳುವುದು.

ಮುನಿಗಳ ಕಣ್ಣು ನೆಲದ ಮೇಲಿರುವುದು ತಮ್ಮ ಕಾಲಿಗೆ ಮುಳ್ಳು ಚುಚ್ಚೀತೆಂಬ ಭಯದಿಂದಲ್ಲ. ತಮ್ಮ ಕಾಲಡಿಗೆ ಸಿಕ್ಕುವ ಜೀವದ ಮೇಲಿನ ದಯೆಯಿಂದ. ನೆಲದಡಿಯಲ್ಲಿ ನಡೆಯುವವನಿಗೆ ಆ ಜೀವಗಳು ತಲೆಯ ಮೇಲೆ ಮನೆಕಟ್ಟಿಕೊಂಡಿರುತ್ತವೆ, ಅಷ್ಟೇ ವ್ಯತ್ಯಾಸ. ಇನ್ನು ಮುಂದೆ ನಮ್ಮಲ್ಲಿ ಯಾರಾದರೂ ಗುದ್ದಲಿಪೂಜೆಗೆ ನಿಂತಾಗ, ಮೊದಲ ಗುದ್ದಲಿ ಹಾಕುವ ಮುನ್ನ ಪಕ್ಕದ ಮನೆಯ ಬಾಗಿಲಿಗೆ ಹೋಗಿ, “ಇಲ್ಲಿ ಬಾವಿ ಎಲ್ಲಿತ್ತಮ್ಮಾ?” ಎಂದು ಒಂದು ಮಾತು ಕೇಳುವಂತಾಗಲಿ.